ವರ್ಷಗಟ್ಟಲೆ ಕಾಡುವ ಸೊಂಟ ನೋವು: ದಿನದ ಕೆಲಸದ ನಡುವೆಯೇ ಇಳಿಸಿಕೊಳ್ಳುವುದು ಹೇಗೆ

ಬೆಲ್ಟ್ ಹಾಕಬಹುದಾ, ನೆಲದ ಮೇಲೆ ಮಲಗಬೇಕಾ, ಸ್ಕ್ಯಾನ್ ಮಾಡಿಸಿದರೆ ಒಳ್ಳೇದಾ, ಇರುವ ಎರಡು ಹಸು ಮಾರಿಬಿಡಲಾ? ಚಿಂತಾಮಣಿಯಿಂದ ಒಬ್ಬರು ಕೇಳುತ್ತಾರೆ, ಮುಳಬಾಗಿಲಿನಿಂದ ಇನ್ನೊಬ್ಬರು, ಪಾವಗಡದಿಂದ ಮತ್ತೊಬ್ಬರು. ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಶಿಡ್ಲಘಟ್ಟ ಕಡೆಯ ರೇಷ್ಮೆ ಸಾಕುವ ಮನೆಯ ಹೆಣ್ಣುಮಗಳು, ಒಂಬತ್ತು ವರ್ಷದಿಂದ ಈ ನೋವಿನ ಜೊತೆ ಬದುಕುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಸುಮ್ನೆ ಮಲಗಿ ಮಲಗಿ ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಇದು ಮೂರು ತಿಂಗಳಿಗಿಂತ ಜಾಸ್ತಿ ದಿನದಿಂದ ಸೊಂಟ ಅಥವಾ ಬೆನ್ನು ನೋಯುತ್ತಿರುವವರಿಗೆ. ನಿನ್ನೆ ಮೊನ್ನೆ ಉಳುಕಿದ್ದರೆ ಗಾಬರಿ ಬೇಡ, ಅಂಥದ್ದು ಬಹುತೇಕ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಟೈಮ್ ನೋಡಲು ಮೊಬೈಲ್, ಒಂದು ಚಾಪೆ, ಬಿಸಿನೀರಿನ ಬ್ಯಾಗ್, ಹಿಮ್ಮಡಿ ಸವೆದಿಲ್ಲದ ಚಪ್ಪಲಿ ಅಥವಾ ಶೂ, ಅರ್ಧ ಅಡಿಯಿಂದ ಒಂದು ಅಡಿ ಎತ್ತರದ ಒಂದು ಮಣೆ ಅಥವಾ ಸ್ಟೂಲು. ಜೊತೆಗೆ ಮೂರು ತಿಂಗಳ ತಾಳ್ಮೆ. ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ.

ಹಂತ 1: ಅಪಾಯದ ಲಕ್ಷಣ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಈ ಹಂತ ಬಿಟ್ಟು ಮುಂದಕ್ಕೆ ಹೋಗಬೇಡಿ.

ಮೂತ್ರ ಕಟ್ಟಿಕೊಂಡರೆ, ಇಲ್ಲವೇ ಗೊತ್ತಾಗದೆ ಹೋಗುತ್ತಿದ್ದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಕೂರುವ ಜಾಗ ಜೋಮು ಹಿಡಿದ ಹಾಗೆ ಮರಗಟ್ಟಿದರೆ, ಎರಡೂ ಕಾಲಲ್ಲಿ ಶಕ್ತಿ ಕಮ್ಮಿಯಾಗುತ್ತಿದ್ದರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೆನ್ನುಹುರಿಯ ಕೆಳಗೆ ಕುದುರೆ ಬಾಲದ ಹಾಗೆ ಇಳಿಬಿದ್ದಿರುವ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ಬೆಳಗಾಗಲಿ ನೋಡೋಣ ಅಂತ ಕಾದರೆ ಹೋದ ಶಕ್ತಿ ವಾಪಸ್ ಬರದೇ ಇರಬಹುದು.

ಇನ್ನು ಕೆಲವು ಅಷ್ಟು ತುರ್ತಲ್ಲ, ಆದರೂ ಅದೇ ವಾರ ಡಾಕ್ಟರಿಗೆ ತೋರಿಸಬೇಕು. ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು. ಟಿಬಿ ಬೆನ್ನುಮೂಳೆಗೂ ಬರುತ್ತದೆ, ಕೆಮ್ಮೇ ಇರಬೇಕು ಅಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ಎಳೆಯುತ್ತಿದ್ದರೆ ಕೂಡ ತಡ ಮಾಡಬೇಡಿ. ಮುಟ್ಟು ನಿಂತ ಹೆಂಗಸರಿಗೆ, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಟೊಳ್ಳಾದ ಮೂಳೆ ಕುಸಿದಿರಬಹುದು. ವಯಸ್ಸು ನಲವತ್ತರ ಒಳಗೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆನ್ನು ಮರದ ಹಾಗೆ ಬಿಗಿ, ಓಡಾಡಿದರೆ ಸಡಿಲ, ಮಲಗಿದರೆ ಮತ್ತೆ ಬಿಗಿ ಅಂತಿದ್ದರೆ ಅದು ಕೀಲುಗಳ ಉರಿಯೂತದ ಜಾತಿಯ ಕಾಯಿಲೆ ಇರಬಹುದು. ಅದಕ್ಕೆ ಔಷಧವೇ ಬೇರೆ, ತಜ್ಞರಿಗೇ ತೋರಿಸಬೇಕು.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಯವರು ಇನ್ನೊಂದನ್ನು ನೋಡಿಕೊಳ್ಳಲೇಬೇಕು. ಅದು ಬೋರ್‌ವೆಲ್ ನೀರಿನ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಹಳ್ಳಿಗಳ ನೀರಲ್ಲಿ ಇದು ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಹಲ್ಲು, ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ. ಅದು ಜಾಸ್ತಿಯಾದಷ್ಟೂ ಬೆನ್ನು, ಕತ್ತು, ಮಂಡಿ ಬಿಗಿಯುತ್ತವೆ. ಊರಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಕಲೆ ಕಾಣುತ್ತಿದ್ದರೆ ನೀರು ಪರೀಕ್ಷೆ ಮಾಡಿಸಿ, ಡಾಕ್ಟರಿಗೂ ಹೇಳಿ. ಈ ನೀರನ್ನು ಕುದಿಸಿ ಕುಡಿದರೆ ಪ್ರಯೋಜನ ಇಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಎರಡಕ್ಕೂ ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೋ, ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಕುಡಿಯಲು ಮಾತ್ರ ಆರ್‌ಓ ನೀರು, ಸಾರು ಮುದ್ದೆಗೆ ಬೋರ್‌ವೆಲ್ ನೀರು ಅಂತ ಮಾಡುವ ಮನೆಗಳು ತುಂಬಾ ಇವೆ. ಇದು ದೊಡ್ಡ ತಪ್ಪು.

ಹಂತ 2: ರಿಪೋರ್ಟ್ ನೋಡಿ ಹೆದರಬೇಡಿ

ಮೇಲಿನ ಯಾವ ಲಕ್ಷಣವೂ ಇಲ್ಲ ಅಂದುಕೊಳ್ಳಿ. ಹಾಗಿದ್ದರೆ ಸ್ಕ್ಯಾನ್‌ಗೆ ಅವಸರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಸೊಂಟ ನೋವಿನಲ್ಲಿ ನೂರಕ್ಕೆ ಸುಮಾರು 90 ಭಾಗಕ್ಕೆ ಇದೇ ಕಾರಣ ಅಂತ ಒಂದು ಮೂಳೆಯನ್ನೋ ನರವನ್ನೋ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ.

ಎಂಆರ್‌ಐ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' ಅಂತ ಬರೆದಿರುತ್ತಾರೆ. ಎರಡು ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆ ಡಿಸ್ಕ್, ಅದು ಸ್ವಲ್ಪ ಹೊರಗೆ ಉಬ್ಬಿದೆ ಅಂತ ಅದರ ಅರ್ಥ. ಒಂದು ಚೂರೂ ಬೆನ್ನು ನೋವಿಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2015ರಲ್ಲಿ ಬಂತು. ಇಪ್ಪತ್ತರ ಹರೆಯದವರಲ್ಲೇ 30 ಭಾಗ ಜನಕ್ಕೆ ಇಂಥ ಉಬ್ಬು ಇತ್ತು, ಎಂಬತ್ತು ವರ್ಷದವರಲ್ಲಿ 84 ಭಾಗಕ್ಕೆ. ಅಂದರೆ ಕೂದಲು ನೆರೆತ ಹಾಗೆ ಇದೂ ವಯಸ್ಸಿನ ಗುರುತು. ನೋವಿಗೆ ಅದೇ ಕಾರಣ ಅಂತ ಬರೀ ಚಿತ್ರ ನೋಡಿ ಹೇಳಲಾಗದು.

ನೋವು ಅಂದ ತಕ್ಷಣ ಒಳಗೆ ಏನೋ ಮುರಿದಿದೆ ಅಂತಲ್ಲ. ತಿಂಗಳುಗಟ್ಟಲೆ ನೋವು ಇದ್ದಾಗ ನರಗಳು ಮತ್ತು ಮಿದುಳು ಸಣ್ಣದಕ್ಕೂ ಕೂಗಿಕೊಳ್ಳುವುದನ್ನು ಕಲಿತುಬಿಡುತ್ತವೆ. ಅದಕ್ಕೇ ನಿದ್ದೆಗೆಟ್ಟ ದಿನ, ಸಾಲಗಾರ ಮನೆಗೆ ಬಂದು ಹೋದ ದಿನ, ಟೊಮೇಟೊ ರೇಟು ಬಿದ್ದ ವಾರ ನೋವು ಏರುವುದು. ಇದು ಸುಳ್ಳು ನೋವಲ್ಲ, ಅದನ್ನು ಯಾರೂ ಹಾಗೆ ಅನ್ನಬಾರದು. ನೋವು ನಿಜ, ಆದರೆ ಬೆನ್ನು ಗಟ್ಟಿಯಾಗೇ ಇದೆ. ಇದನ್ನು ನಂಬಿದರೆ ಮುಂದಿನ ಹಂತಗಳು ಸುಲಭ.

ಇನ್ನೊಂದು ಮಾತು, ತಾಯಂದಿರಿಗೆ. 'ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅವತ್ತಿಂದ ಹೀಗೆ' ಅಂತ ಎಷ್ಟು ಜನ ಹೇಳಿಲ್ಲ! ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ನೋವು ಅದರಿಂದ ಬರುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸಿರಲ್ಲಿ ಸಡಿಲವಾದ ಹೊಟ್ಟೆಯ ಸ್ನಾಯು, ಮಗು ಎತ್ತುವುದು, ಬಗ್ಗಿ ಹಾಲು ಕುಡಿಸುವುದು, ನಿದ್ದೆ ಇಲ್ಲದಿರುವುದು, ಇವನ್ನು ನೋಡಿ. ಇವು ನಿಮ್ಮ ಕೈಯಲ್ಲಿ ಸರಿಮಾಡುವಂಥವು.

ಹಂತ 3: ನಿಮ್ಮ ಅಳತೆ ಕಂಡುಹಿಡಿಯಿರಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ದಯವಿಟ್ಟು ಇದನ್ನು ಎರಡು ಸಲ ಓದಿ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ನೋವು ಕಮ್ಮಿ ಇರುವ ದಿನ ಸಿಕ್ಕಿತು ಅಂತ ಬಾಕಿ ಕೆಲಸವನ್ನೆಲ್ಲ ಒಂದೇ ದಿನ ಎಳೆದು ಹಾಕುತ್ತೇವೆ, ಕಂಬಳಿ ಒಗೆಯುವುದು, ಕಳೆ ಕೀಳುವುದು, ಕೊಟ್ಟಿಗೆ ಬಳಿಯುವುದು ಎಲ್ಲಾ, ಮಾರನೇ ದಿನ ಸೊಂಟ ಹಿಡಿದುಕೊಂಡು ಮೂರು ದಿನ ಮಲಗುತ್ತೇವೆ, ಮಲಗಿದ್ದಕ್ಕೆ ಮೈ ಇನ್ನಷ್ಟು ಸೋಲುತ್ತದೆ, ಮುಂದಿನ ಸಲ ಅದಕ್ಕಿಂತ ಕಮ್ಮಿ ಕೆಲಸಕ್ಕೇ ನೋವು ಬರುತ್ತದೆ. ಈ ಚಕ್ರ ಮುರಿಯಬೇಕು. ಮುರಿಯುವ ದಾರಿ, ನೋವನ್ನು ಕೇಳಿ ಕೆಲಸ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಕೆಲಸ, ಎಷ್ಟು ನಿಮಿಷಕ್ಕೆ ನೋವು ಏರಿತು, ಹತ್ತಕ್ಕೆ ಎಷ್ಟು, ಮಾರನೇ ಬೆಳಗ್ಗೆ ಹೇಗಿತ್ತು. ಅಷ್ಟೇ ಸಾಕು. ವಾರ ಕಳೆದ ಮೇಲೆ ಪ್ರತಿ ಕೆಲಸಕ್ಕೂ ನೋವು ಏರುವ ಸಮಯದ ಮುಕ್ಕಾಲು ಭಾಗವನ್ನು ನಿಮ್ಮ ಅಳತೆ ಅಂತ ಇಟ್ಟುಕೊಳ್ಳಿ. ಬಗ್ಗಿ ಕಳೆ ಕಿತ್ತರೆ 20 ನಿಮಿಷಕ್ಕೆ ನೋವು ಏರುತ್ತದಾ? ನಿಮ್ಮ ಅಳತೆ 15 ನಿಮಿಷ. ಮೊಬೈಲ್‌ನಲ್ಲಿ ಅಲಾರಂ ಇಡಿ. ಹದಿನೈದಕ್ಕೆ ನೋವಿಲ್ಲದಿದ್ದರೂ ಎದ್ದು ನಿಂತು ಎರಡು ನಿಮಿಷ ನಡೆದಾಡಿ, ಸೊಂಟಕ್ಕೆ ಕೈಕೊಟ್ಟು ನಿಧಾನಕ್ಕೆ ಹಿಂದಕ್ಕೆ ಬಾಗಿ, ಆಮೇಲೆ ಮತ್ತೆ ಕೂರಿ. ಚೆನ್ನಾಗಿದ್ದ ದಿನವೂ ಅಷ್ಟೇ, ಕೆಟ್ಟ ದಿನವೂ ಆದಷ್ಟು ಅಷ್ಟೇ. ಅಳತೆ ಸುಲಭ ಅನ್ನಿಸಿದ ಮೇಲೆ ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಅಲಾರಂ ಹೊಡೆದಾಗ 'ಈ ಸಾಲು ಮುಗಿಸಿಬಿಡ್ತೀನಿ' ಅನ್ನಿಸುತ್ತದೆ. ಆ ಸಾಲಿನಲ್ಲೇ ನೋವು ಕಾದು ಕೂತಿರುವುದು. ಕೂಲಿಗೆ ಹೋಗುವವರಿಗೆ ನಡುವೆ ಎದ್ದರೆ ಮೇಸ್ತ್ರಿ ಏನಂತಾರೋ ಅನ್ನುವ ಭಯ ಬೇರೆ, ಅದು ನನಗೆ ಗೊತ್ತು. ಕೆಲಸವನ್ನು ಬದಲಾಯಿಸುತ್ತಾ ಹೋಗಿ. ಹದಿನೈದು ನಿಮಿಷ ಬಗ್ಗಿ ಕೀಳುವುದು, ಆಮೇಲೆ ಕಿತ್ತದ್ದನ್ನು ಹೊತ್ತು ಹಾಕಿ ಬರುವುದು. ಕೈ ನಿಲ್ಲಲಿಲ್ಲ, ಸೊಂಟಕ್ಕೆ ಮಾತ್ರ ಬಿಡುವು ಸಿಕ್ಕಿತು.

ಹಂತ 4: ದಿನದ ಕೆಲಸದಲ್ಲಿ ಸಣ್ಣ ಸಣ್ಣ ಬದಲಾವಣೆ

ಹಸು ಮಾರಬೇಡಿ. ಬೆಳಗ್ಗೆ ಎದ್ದ ಕೂಡಲೇ ಕರೆಯಲು ಕೂರುವುದನ್ನು ಮಾತ್ರ ಬಿಡಿ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ನೆನೆಸಿಟ್ಟ ಅವರೆಕಾಳಿನ ಹಾಗೆ. ಎದ್ದ ಮೊದಲ ಅರ್ಧ ಗಂಟೆ, ಒಂದು ಗಂಟೆ ಪೂರ್ತಿ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಅದಕ್ಕೇ ಮೊದಲು ನಿಂತು ಮಾಡುವ ಕೆಲಸ ಮುಗಿಸಿ, ಮೇವು ಹಾಕಿ, ಒಲೆ ಹಚ್ಚಿ, ಓಡಾಡಿ. ಸಗಣಿ ಬಾಚುವುದು, ಅಂಗಳ ಗುಡಿಸುವುದು ಕೊನೆಗೆ ಇರಲಿ. ಕುಕ್ಕರಗಾಲಲ್ಲಿ ಕೂರುವ ಬದಲು ಮಣೆ ಹಾಕಿಕೊಂಡು, ಹಸುವಿಗೆ ಹತ್ತಿರ ಸರಿದು ಕೂರಿ. ಪೊರಕೆಗೆ ಉದ್ದ ಕೋಲು ಕಟ್ಟಿ. ಇದೊಂದರಿಂದಲೇ ನನ್ನ ಅತ್ತೆಗೆ ಅರ್ಧ ನೋವು ಇಳಿಯಿತು.

ಭಾರ ಎತ್ತುವುದು. ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನ್ ಅಂದರೆ 20 ಕಿಲೋ. ಒಂದು ಕೈಯಲ್ಲಿ ತೂಗಾಡಿಸಿಕೊಂಡು ಬರಬೇಡಿ. ಹತ್ತು ಲೀಟರಿನ ಎರಡು ಕ್ಯಾನ್ ಮಾಡಿಕೊಂಡು ಎರಡು ಕೈಗೂ ಹಂಚಿ. ಟೊಮೇಟೊ ಕ್ರೇಟ್ ಇರಲಿ, ಹಾಲಿನ ಕ್ಯಾನ್ ಇರಲಿ, ತೆಂಗಿನಕಾಯಿ ಮೂಟೆ ಇರಲಿ, ನಿಯಮ ಒಂದೇ: ಭಾರ ಹೊಟ್ಟೆಗೆ ತಾಗುವಷ್ಟು ಹತ್ತಿರ ಇರಬೇಕು, ಮಂಡಿ ಮತ್ತು ಸೊಂಟದ ಕೀಲು ಬಗ್ಗಬೇಕು, ಎತ್ತಿದ ಮೇಲೆ ಸೊಂಟ ತಿರುಚದೆ ಕಾಲನ್ನೇ ತಿರುಗಿಸಬೇಕು. ದೂರದಿಂದ ಕೈ ಚಾಚಿ ಎತ್ತಿದ ಐದು ಕಿಲೋ, ಎದೆಗೆ ಒತ್ತಿಕೊಂಡು ಎತ್ತಿದ ಹತ್ತು ಕಿಲೋಗಿಂತ ಕಷ್ಟ ಕೊಡುತ್ತದೆ.

ರೇಷ್ಮೆ ಸಾಕುವವರಿಗೆ ನಾಲ್ಕನೇ ಜ್ವರ ಎದ್ದ ಮೇಲಿನ ವಾರವೇ ಕಷ್ಟ. ಬೇರೆ ಕಡೆಯವರಿಗೆ ಹೇಳುವುದಾದರೆ, ಹುಳು ಪೊರೆ ಬಿಡಲು ತಿನ್ನದೆ ನಿಲ್ಲುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ ಸೊಪ್ಪು ಹೊತ್ತು ಹಾಕಿದ್ದೇ ಹಾಕಿದ್ದು. ಆ ವಾರಕ್ಕೆ ಮುಂಚೆಯೇ ತಯಾರಿ ಮಾಡಿ. ಸಾಕುವ ಸ್ಟ್ಯಾಂಡಿನ ಕೆಳ ಅಂತಸ್ತನ್ನು ಮಣೆ ಹಾಕಿಕೊಂಡು ಕೂತು ನೋಡಿ, ಮಧ್ಯದ್ದನ್ನು ನಿಂತು. ಸೊಪ್ಪಿನ ಹೊರೆ ಸಣ್ಣದಾಗಿ ಕಟ್ಟಿ. ಹಣ್ಣು ಹುಳು, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಆಯುವಾಗ ತಟ್ಟೆಯನ್ನು ನೆಲದ ಮೇಲೆ ಇಡದೆ ಸೊಂಟದ ಎತ್ತರದ ಮೇಜಿನ ಮೇಲೆ ಇಟ್ಟುಕೊಳ್ಳಿ. ಆ ವಾರ ಹೊಸ ವ್ಯಾಯಾಮ ಯಾವುದನ್ನೂ ಶುರು ಮಾಡಬೇಡಿ.

ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡುವವರು ಒಂದು ಕಾಲನ್ನು ಆ ಮಣೆಯ ಮೇಲೆ ಇಡಿ, ಆಗಾಗ ಕಾಲು ಬದಲಿಸಿ. ಮುದ್ದೆ ತಿರುವುವಾಗ ಪಾತ್ರೆ ಸೊಂಟಕ್ಕಿಂತ ಮೇಲಿದ್ದರೆ ಭುಜ ನೋಯುತ್ತದೆ, ತೀರಾ ಕೆಳಗಿದ್ದರೆ ಸೊಂಟ. ಹಿಟ್ಟಿನ ದೊಣ್ಣೆಯನ್ನು ಬರೀ ತೋಳಿಂದ ಅಲ್ಲ, ಒಂದು ಕಾಲು ಮುಂದಿಟ್ಟು ಮೈಭಾರದಿಂದ ತಿರುವಿ.

ತುಮಕೂರಿನಿಂದಲೋ ಬಂಗಾರಪೇಟೆಯಿಂದಲೋ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರು ಸೀಟ್ ಸಿಕ್ಕಿತು ಅಂತ ಪೂರ್ತಿ ಕೂರಬೇಡಿ, ಅರ್ಧ ದಾರಿಗೆ ಎದ್ದು ಸ್ವಲ್ಪ ಹೊತ್ತು ನಿಲ್ಲಿ. ಬಸ್ಸಾದರೆ ಹಿಂದಿನ ಸಾಲು ಬೇಡ, ಚಕ್ರದ ಮೇಲಿನ ಸೀಟೂ ಬೇಡ. ಟವೆಲ್ ಸುತ್ತಿ ಸೊಂಟದ ಹಿಂದಿನ ಕುಳಿಗೆ ಇಟ್ಟುಕೊಳ್ಳಿ. ಹಿಂದಿನ ಜೇಬಿನ ಪರ್ಸ್ ತೆಗೆಯಿರಿ.

ಇನ್ನು ಹಾಸಿಗೆ. ಬರೀ ನೆಲವೇ ಒಳ್ಳೇದು ಅಂತ ಹಿರಿಯರು ಹೇಳುತ್ತಾರೆ. ಸ್ಪೇನ್‌ನಲ್ಲಿ 313 ಜನರ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ನೋವು ಜಾಸ್ತಿ ಇಳಿಯಿತು. ದುಡ್ಡು ಕೊಟ್ಟು ಹೊಸದು ತರಬೇಕಿಲ್ಲ. ಗುಂಡಿ ಬೀಳದ ಹತ್ತಿ ಹಾಸಿಗೆ ಸಾಕು. ಮಗ್ಗುಲಾದರೆ ಮಂಡಿಗಳ ನಡುವೆ, ಅಂಗಾತ ಮಲಗಿದರೆ ಮಂಡಿ ಕೆಳಗೆ ಒಂದು ದಿಂಬು. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ.

ಹಂತ 5: ನಡಿಗೆ

ಒಂದೇ ಒಂದು ವ್ಯಾಯಾಮ ಮಾಡುತ್ತೀನಿ ಅಂದರೆ ನಡೆಯಿರಿ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಬಂದು ಆಗಷ್ಟೇ ವಾಸಿಯಾಗಿದ್ದ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಬಂತು. ಏನೂ ಮಾಡದ ಗುಂಪಿನಲ್ಲಿ ಅರ್ಧದಷ್ಟು ಜನಕ್ಕೆ 112 ದಿನದೊಳಗೆ ನೋವು ಮರಳಿತು. ಫಿಸಿಯೋಥೆರಪಿಸ್ಟ್ ಸಲಹೆ ಪಡೆದು ನಡಿಗೆ ರೂಢಿಸಿಕೊಂಡವರಲ್ಲಿ ಅದಕ್ಕೆ 208 ದಿನ ಹಿಡಿಯಿತು.

ಶುರುವಿಗೆ ಹತ್ತು ನಿಮಿಷ, ಸಮತಟ್ಟು ದಾರಿ. ತುಮಕೂರಿನವರಿಗೆ ಅಮಾನಿಕೆರೆ ಇದೆ, ಹಳ್ಳಿಯವರಿಗೆ ಕೆರೆ ಏರಿ ಇದೆ. ವಾರಕ್ಕೆ ಮೂರು ದಿನದಿಂದ ಶುರುಮಾಡಿ, ನಿಧಾನಕ್ಕೆ ಏರಿಸಿ, ಕೆಲವು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಮುಟ್ಟಿದರೆ ಸಾಕು. ಅಂತರಗಂಗೆ ಮೆಟ್ಟಿಲು, ನಂದಿ ಬೆಟ್ಟ ಮೊದಲ ತಿಂಗಳು ಬೇಡ. 'ದಿನವೆಲ್ಲಾ ಹೊಲದಲ್ಲಿ ಓಡಾಡ್ತೀನಲ್ಲ, ಮತ್ತೆ ಯಾಕೆ ನಡೀಬೇಕು' ಅಂತ ಕೇಳುತ್ತೀರಿ. ಹೊಲದ್ದು ಬಗ್ಗಿ, ಹೊತ್ತು, ನಿಂತು ನಿಂತು ಮಾಡುವ ಕೆಲಸ. ಕೈ ಬೀಸಿಕೊಂಡು ಒಂದೇ ಸಮನೆ ನಡೆಯುವುದು ಬೇರೆ.

ನಡೆದರೆ ಕಾಲು ಭಾರವಾಗಿ ನೋಯುತ್ತದೆ, ಮುಂದಕ್ಕೆ ಬಾಗಿದರೆ ಅಥವಾ ಕೂತರೆ ಹಗುರ ಅನ್ನುವ ಹಿರಿಯರು ಡಾಕ್ಟರಿಗೆ ತೋರಿಸಿ. ನರ ಹಾದುಹೋಗುವ ದಾರಿ ಕಿರಿದಾಗಿರಬಹುದು. ಅಂಥವರಿಗೆ ಸೈಕಲ್ ತುಳಿಯುವುದು ನಡಿಗೆಗಿಂತ ಹಿತ.

ಹಂತ 6: ಚಾಪೆಯ ಮೇಲೆ ನಾಲ್ಕು ವ್ಯಾಯಾಮ

ಸಂಜೆ ಮಾಡುವುದು ಒಳ್ಳೇದು, ಮೈ ಸಡಿಲವಾಗಿರುತ್ತದೆ.

1. ಅಂಬೆಗಾಲಿನಲ್ಲಿ ನಿಂತು ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಗೂನು ಮಾಡಿ, ಆಮೇಲೆ ನಿಧಾನಕ್ಕೆ ಕೆಳಗೆ ಬಿಡಿ. ಏಳೆಂಟು ಸಲ. ಎಳೆಯಬೇಡಿ, ಸುಮ್ನೆ ಆಡಿಸಿ.

2. ಅಂಗಾತ ಮಲಗಿ ಮಂಡಿ ಮಡಚಿ, ಪಾದ ನೆಲಕ್ಕೆ ಒತ್ತಿ ಸೊಂಟ ಮೇಲೆತ್ತಿ. ಐದು ಎಣಿಸಿ ಇಳಿಸಿ. ಎಂಟು ಸಲ. ಕುಂಡಿಯ ಸ್ನಾಯು ಬಿಗಿಯಾಗಬೇಕು, ಸೊಂಟವಲ್ಲ.

3. ಮತ್ತೆ ಅಂಬೆಗಾಲು. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಎಂಟು ಎಣಿಸಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲಬಾರದು, ಅಷ್ಟು ಅಲುಗಾಡದೆ. ಆಮೇಲೆ ಇನ್ನೊಂದು ಕಡೆ. ಐದೈದು ಸಲ. ಮಂಡಿ ನೋವಿದ್ದರೆ ಕೆಳಗೆ ಬಟ್ಟೆ ಮಡಚಿ ಇಡಿ.

4. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಹತ್ತು ಸಲ. ಮೂಟೆ ಎತ್ತಲು ಬೇಕಾದ ಕಾಲಿನ ಬಲ ಇಲ್ಲಿಂದ ಬರುತ್ತದೆ.

ಮಾಡುವಾಗ ಸ್ವಲ್ಪ ನೋವಾದರೆ, ಹತ್ತಕ್ಕೆ ನಾಲ್ಕರವರೆಗೆ, ಮಾರನೇ ಬೆಳಗ್ಗೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಸಂಖ್ಯೆ ಅರ್ಧ ಮಾಡಿ. ಕಾಲಿಗೆ ಹರಿಯುವ ನೋವು ಇರುವವರು, ಅಂದರೆ ಸಿಯಾಟಿಕ ಅನ್ನುತ್ತಾರಲ್ಲ ಅದು, ಒಂದು ಗುರುತು ನೆನಪಿಡಿ: ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಮೇಲೆ ಬರುತ್ತಿದ್ದರೆ ಒಳ್ಳೇ ಸೂಚನೆ, ಸೊಂಟದಲ್ಲಿ ಆಗ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಕೆಳಗೆ ಇಳಿಯುತ್ತಾ ಹೋದರೆ ನಿಲ್ಲಿಸಿ. ಕಾಲು ಚಾಚಿ ಕೂತು ಹೆಬ್ಬೆರಳು ಮುಟ್ಟುವುದು, ಮಲಗಿದಲ್ಲಿಂದ ನೇರ ಎದ್ದು ಕೂರುವುದು ಈಗ ಬೇಡ.

ಒಂದೆರಡು ಸಲವಾದರೂ ಫಿಸಿಯೋಥೆರಪಿಸ್ಟ್ ಎದುರಿಗೆ ಮಾಡಿ ತೋರಿಸಿ. ಅವರು ಬರೀ ಕರೆಂಟ್ ಮೆಷಿನ್ ಇಟ್ಟು ಕಳಿಸಿದರೆ 'ನನಗೆ ವ್ಯಾಯಾಮ ಹೇಳಿಕೊಡಿ' ಅಂತ ಬಾಯಿಬಿಟ್ಟು ಕೇಳಿ.

ಹಂತ 7: ನೋವು ಕೆರಳಿದ ದಿನಕ್ಕೆ ಮೊದಲೇ ಪ್ಲಾನ್

ಎಷ್ಟೇ ಸರಿಯಾಗಿ ನಡೆದುಕೊಂಡರೂ ಅಂಥ ದಿನ ಬರುತ್ತದೆ. ಆಗ ಯೋಚನೆ ಓಡುವುದಿಲ್ಲ, ಅದಕ್ಕೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಈಗಲೇ ಬರೆದಿಡಿ. ಮೊದಲು ಹಂತ 1ರ ಲಕ್ಷಣ ಇದೆಯಾ ನೋಡುವುದು. ಇಲ್ಲದಿದ್ದರೆ ಮಂಡಿ ಕೆಳಗೆ ದಿಂಬಿಟ್ಟು ಇಪ್ಪತ್ತು ನಿಮಿಷ ಮಲಗುವುದು, ಹದಿನೈದು ನಿಮಿಷ ಬಿಸಿ ಶಾಖ, ಬ್ಯಾಗ್ ಮತ್ತು ಚರ್ಮದ ನಡುವೆ ಬಟ್ಟೆ ಇರಲಿ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಕಮ್ಮಿ ಇರುತ್ತದೆ, ಸುಟ್ಟರೂ ಗೊತ್ತಾಗದು, ಬೇರೆಯವರ ಕೈಯಿಂದ ಬಿಸಿ ನೋಡಿಸಿ. ಗಂಟೆಗೊಮ್ಮೆ ಎದ್ದು ಮನೆಯೊಳಗೆ ಐದು ನಿಮಿಷ ನಡೆಯುವುದು. ಒಂದು ದಿನ, ಬಹಳ ಅಂದರೆ ಎರಡು ದಿನ ಹೀಗೆ. ಮೂರನೇ ದಿನ ಅಳತೆಯ ಅರ್ಧದಷ್ಟು ಕೆಲಸ ಶುರು.

ಕೆರಳಿದೆ ಅಂತ ಇಷ್ಟು ದಿನ ಮಾಡಿದ್ದೆಲ್ಲಾ ಹಾಳಾಯಿತು ಅಂದುಕೊಳ್ಳಬೇಡಿ. ಎರಡು ಕೆರಳುವಿಕೆಗಳ ನಡುವಿನ ದಿನಗಳನ್ನು ಎಣಿಸಿ. ಆ ಅಂತರ ಹೆಚ್ಚುತ್ತಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ.

ಹಂತ 8: ಮಾತ್ರೆ, ಬೆಲ್ಟ್, ನರ ಎಳೆಯುವವರು

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ತರಹದ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಏರುವುದು, ಇವೆಲ್ಲ ಬರಬಹುದು. ಡಾಕ್ಟರ್ ಹೇಳಿದಷ್ಟು ಕಮ್ಮಿ ಡೋಸ್, ಕಮ್ಮಿ ದಿನ, ಊಟ ಆದ ಮೇಲೆ. ಬಿಪಿ ಮಾತ್ರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ಕೇಳದೆ ಮುಟ್ಟಲೇಬಾರದು. ಹೆಸರಿಲ್ಲದೆ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುವ ಬಿಡಿ ಮಾತ್ರೆಗಳಿಂದ ದೂರ ಇರಿ. ಒಂದೇ ದಿನಕ್ಕೆ ಮ್ಯಾಜಿಕ್ ಮಾಡಿದ ಹಾಗೆ ನೋವು ಹೋದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ಆಮೇಲೆ ಗೊತ್ತಾಗುತ್ತದೆ. ನರದ ನೋವಿಗೆ ಡಾಕ್ಟರ್ ಕೊಟ್ಟ ಪ್ರಿಗಾಬಾಲಿನ್ ಅಂಥ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ, ಅದನ್ನು ನುಂಗಿ ತಲೆಸುತ್ತು ಇರುವಾಗ ಗಾಡಿ ಓಡಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2023ರಲ್ಲಿ ದೀರ್ಘಕಾಲದ ಸೊಂಟ ನೋವಿಗೆಂದೇ ಮೊದಲ ಬಾರಿ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಮನಸ್ಸಿನ ಕಡೆಯ ಚಿಕಿತ್ಸೆ ಅದರಲ್ಲಿ ಇವೆ. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಎರಡನ್ನೂ ಈ ನೋವಿಗೆ ರೂಢಿಯಾಗಿ ಬಳಸಬೇಡಿ ಅಂದಿದೆ. ಡಾಕ್ಟರ್ ಯಾವುದೋ ನಿರ್ದಿಷ್ಟ ಕಾರಣಕ್ಕೆ, ಮೂಳೆ ಮುರಿತ ಅಥವಾ ಆಪರೇಷನ್ ಆದ ಮೇಲೆ ಬೆಲ್ಟ್ ಕೊಟ್ಟಿದ್ದರೆ ಅದು ಬೇರೆ ಮಾತು, ಹಾಕಿಕೊಳ್ಳಿ.

ಎಣ್ಣೆ ನೀವಿಸಿಕೊಳ್ಳುವುದು ತಪ್ಪಲ್ಲ, ಹಿತವಾಗುತ್ತದೆ, ಅವತ್ತು ನಡೆಯಲು ಅನುಕೂಲವಾಗುತ್ತದೆ. ಆದರೆ ನೋವಿರುವ ಜಾಗವನ್ನು ತುಳಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು, ಕತ್ತು ಸೊಂಟ ಲಟ್ಟನೆ ತಿರುಗಿಸುವುದು ಬೇಡ. ಮೂಳೆ ಟೊಳ್ಳಾಗಿದ್ದರೆ ಅಥವಾ ಒಳಗೆ ಟಿಬಿ ಇದ್ದರೆ ಒಂದೇ ಒದೆತಕ್ಕೆ ಮೂಳೆ ಕುಸಿದು ಬೆನ್ನುಹುರಿಗೆ ಪೆಟ್ಟಾಗಬಹುದು.

ಮೂರು ತಿಂಗಳಾದ ಮೇಲೆ

ನೋಟ್‌ಬುಕ್ಕಿನ ಮೊದಲ ವಾರದ ಪುಟ ತೆಗೆದು ಅದೇ ಕೆಲಸಗಳನ್ನು ಮತ್ತೆ ಅಳೆಯಿರಿ. ಹತ್ತಕ್ಕೆ ಎಷ್ಟು ನೋವು ಅನ್ನುವುದು ಒಂದೆರಡು ಅಂಕ ಮಾತ್ರ ಇಳಿದಿರಬಹುದು, ಆದರೆ 15 ನಿಮಿಷ ಇದ್ದದ್ದು 30 ಆಗಿರುತ್ತದೆ, ರಾತ್ರಿ ಎಚ್ಚರವಾಗುವುದು ಕಮ್ಮಿಯಾಗಿರುತ್ತದೆ. ಇವು ಯಾವುವೂ ಬದಲಾಗಿಲ್ಲ ಅಂದರೆ, ಅಥವಾ ಕಾಲಿನ ನೋವು ಜಾಸ್ತಿಯಾಗಿದ್ದರೆ, ಆ ನೋಟ್‌ಬುಕ್ ಹಿಡಿದು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ, ಹಳೇ ಸ್ಕ್ಯಾನ್ ಇದ್ದರೆ ಅದು, ಕುಡಿಯುವ ನೀರು ಯಾವುದು ಅನ್ನುವುದು, ಇಷ್ಟನ್ನು ಮೊದಲ ಪುಟದಲ್ಲೇ ಬರೆದುಕೊಂಡು ಹೋಗಿ. ಒಳಗೆ ಹೋದ ಮೇಲೆ ಸಿಗುವುದು ಐದು ನಿಮಿಷ, ಅಷ್ಟರಲ್ಲಿ ಡಾಕ್ಟರಿಗೆ ಬೇಕಾದದ್ದೆಲ್ಲ ಆ ಒಂದು ಪುಟದಲ್ಲಿ ಸಿಗುತ್ತದೆ.